ಡೋಡೊ ಹೇಗೆ ಕೂಗುತ್ತಿತ್ತು?

ಈ ಸಂಚಿಕೆಯ ಇತಿಹಾಸದ ಪುಟವನ್ನು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಡೋಡೊ ಹಕ್ಕಿ ಹೇಗೆ ಕೂಗುತ್ತಿತ್ತು?

ಕಾಗೆ ಹೇಗೆ ಕೂಗುತ್ತದೆ ಎಂದು ಕೇಳಿದರೆ ಎರಡು ವರ್ಷದ ಮಗುವೂ ಕೂಗಿ ತೋರಿಸುತ್ತದೆ. ಕೋಗಿಲೆ, ನವಿಲು, ಗೂಬೆ, ಪಾರಿವಾಳ ಎಲ್ಲಕ್ಕೂ ನಮ್ಮ ಬಾಯಲ್ಲಿ ಒಂದೊಂದು ಅನುಕರಣೆ ಇದೆ. ಡೋಡೊ ಎಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತೇವೆ. ಜಗತ್ತಿನಲ್ಲಿ ಅಳಿದುಹೋದ ಪ್ರಾಣಿಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದದ್ದು ಇದೇ. ಮಕ್ಕಳ ಪುಸ್ತಕದಲ್ಲಿದೆ, ಅಂಚೆಚೀಟಿಯಲ್ಲಿದೆ, ಮಾರಿಷಸ್ ದೇಶದ ಲಾಂಛನದಲ್ಲೂ ಇದೆ. ಅದರ ಮೂಳೆ ಇದೆ, ಚಿತ್ರ ಇದೆ, ಅದು ರುಚಿಯಾಗಿರಲಿಲ್ಲ ಎಂಬ ದೂರು ಕೂಡ ದಾಖಲಾಗಿದೆ. ದನಿ ಮಾತ್ರ ಇಲ್ಲ. ಮೈಕಿನ ಮುಂದೆ ಕೂತು ದನಿಯನ್ನೇ ನಂಬಿ ಬದುಕುವ ನಮ್ಮಂಥವರಿಗೆ ಇದು ಸ್ವಲ್ಪ ಕಾಡುವ ವಿಷಯ.

ಮಾರಿಷಸ್ಸಿನ ಹಕ್ಕಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದನ್ನು ಹುಡುಕಲು ತೀರಾ ದೂರ ಹೋಗಬೇಕಾಗಿಯೂ ಇಲ್ಲ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನ ಕಡವಿನಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ಸಾಕು.

ಮನುಷ್ಯರು ಮಾಡಿದ ದ್ವೀಪ

ಬ್ಯಾಂಕು, ಕಸ್ಟಮ್ಸ್, ನೌಕಾಪಡೆ, ಬಂದರು, ಮೀನುಗಾರಿಕಾ ಸಂಶೋಧನೆ ಎಂದು ಕೆಲಸದ ಮೇಲೆ ಕೊಚ್ಚಿಗೆ ಬಂದ ಕನ್ನಡ ಕುಟುಂಬಗಳಿಗೆ ಈ ಐಲ್ಯಾಂಡ್ ಹೊಸದೇನಲ್ಲ. ಆದರೆ ಈ ನೆಲಕ್ಕೆ ಇನ್ನೂ ನೂರು ವರ್ಷದ ಆಸುಪಾಸಿನ ವಯಸ್ಸಷ್ಟೇ ಎಂಬುದು ದಿನಾ ಅದರ ಮೇಲೆ ಓಡಾಡುವವರಿಗೂ ಎಷ್ಟೋ ಸಲ ಮರೆತಿರುತ್ತದೆ. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಬ್ರಿಟಿಷ್ ಎಂಜಿನಿಯರ್ ಕೊಚ್ಚಿಗೆ ಬಂದಿಳಿದರು. ಅಳಿವೆಯ ಬಾಯಿಗೆ ಅಡ್ಡಲಾಗಿ ಗಟ್ಟಿ ಮರಳುದಂಡೆ ಕೂತಿತ್ತು. ದೊಡ್ಡ ಹಡಗು ಒಳಗೆ ಬರಲಾರದೆ ಹೊರಗಿನ ಕಡಲಲ್ಲೇ ಲಂಗರು ಹಾಕಬೇಕಿತ್ತು. ಬ್ರಿಸ್ಟೋ ಆ ದಂಡೆಯನ್ನು ಕತ್ತರಿಸಿದರು. ಹಿನ್ನೀರಿನ ತಳದಿಂದ ತೋಡಿ ತೆಗೆದ ಹೂಳನ್ನೆಲ್ಲ ಒಂದೆಡೆ ಸುರಿಸಿ ದ್ವೀಪವನ್ನೇ ಕಟ್ಟಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಹೊಸ ಕಾಲುವೆಯಲ್ಲಿ ಸಾಗಿ ಒಳಬಂದರಿಗೆ ಬಂತು. 1936ರಲ್ಲಿ ಕೊಚ್ಚಿ ಪ್ರಮುಖ ಬಂದರು ಎಂದು ಘೋಷಿತವಾಯಿತು. ಹಿಂದೆ ಮದರಾಸಿನ ಗವರ್ನರ್ ಆಗಿದ್ದು ಮುಂದೆ ವೈಸರಾಯ್ ಆದ ಲಾರ್ಡ್ ವಿಲ್ಲಿಂಗ್ಡನ್ ಹೆಸರು ದ್ವೀಪಕ್ಕೆ ಬಂತು.

ಇದು ಮನುಷ್ಯರು ಮಾಡಿದ ದ್ವೀಪ. ಅಲ್ಲಿಂದ ನೀರಿನಾಚೆ ಕಾಣುವುದು ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ. ಅಲ್ಲಿ ಡಚ್ಚರು ದುರಸ್ತಿ ಮಾಡಿಸಿದ ಕಾರಣಕ್ಕೆ ಡಚ್ ಅರಮನೆ ಎನಿಸಿಕೊಂಡ ಕಟ್ಟಡವಿದೆ, ಡಚ್ಚರ ಸ್ಮಶಾನವಿದೆ, ವಾಸ್ಕೊ ಡ ಗಾಮನನ್ನು 1524ರಲ್ಲಿ ಮೊದಲು ಹೂಳಿದ ಸೇಂಟ್ ಫ್ರಾನ್ಸಿಸ್ ಚರ್ಚಿದೆ. 1663ರ ಜನವರಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. 1795ರವರೆಗೆ ಅಲ್ಲಿ ಅದರ ಬಾವುಟವೇ ಹಾರಿತು. ನಮ್ಮ ಕಥೆಗೆ ಬೇಕಾದದ್ದು ಈ ಕಂಪನಿ. ಏಕೆಂದರೆ ಡೋಡೊ ಹಕ್ಕಿಯ ಕಥೆಯನ್ನು ಶುರು ಮಾಡಿದವರೂ ಮುಗಿಸಿದವರೂ ಬಹುಪಾಲು ಡಚ್ಚರೇ.

ಮನುಷ್ಯರೇ ಇಲ್ಲದಿದ್ದ ದ್ವೀಪ

1598ರ ಸೆಪ್ಟೆಂಬರಿನಲ್ಲಿ ಡಚ್ ಹಡಗುಗಳ ಒಂದು ತಂಡ ಹಿಂದೂ ಮಹಾಸಾಗರದ ನಡುವಿನ ಹಸಿರು ದ್ವೀಪವೊಂದರಲ್ಲಿ ಇಳಿಯಿತು. ತಮ್ಮ ರಾಜಕುಮಾರ ಮೌರಿಟ್ಸನ ಹೆಸರಿನಲ್ಲಿ ಅದನ್ನು ಮಾರಿಷಸ್ ಎಂದು ಕರೆಯಿತು. ಅರಬ್ಬರಿಗೂ ಪೋರ್ಚುಗೀಸರಿಗೂ ಆ ದ್ವೀಪ ಮೊದಲೇ ಗೊತ್ತಿತ್ತು, ಆದರೆ ಯಾರೂ ಅಲ್ಲಿ ನೆಲೆಸಿರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಅಲ್ಲಿ ಮನುಷ್ಯರೇ ಇರಲಿಲ್ಲ. ಹಾಗಾಗಿ ಅಲ್ಲಿನ ಹಕ್ಕಿಗೆ ಹೆಸರಿಟ್ಟವರಿರಲಿಲ್ಲ, ಅದರ ಬಗ್ಗೆ ಗಾದೆ ಹೇಳಿದವರಿರಲಿಲ್ಲ, ಅದರ ಕೂಗು ಕೇಳಿ ಶಕುನ ನೋಡಿದವರಿರಲಿಲ್ಲ, ಅದನ್ನು ಹೇಗೆ ಅನುಕರಿಸಬೇಕೆಂದು ಮಗುವಿಗೆ ಹೇಳಿಕೊಟ್ಟ ಅಜ್ಜಿಯಿರಲಿಲ್ಲ.

ಹಕ್ಕಿ ಹೇಗಿತ್ತು? ಸುಮಾರು ಒಂದು ಮೀಟರ್ ಎತ್ತರ. ಬೂದು ಮೈ, ಬರಿದಾದ ಮುಖ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಭಾರಿ ಕೊಕ್ಕು, ಹಾರಲು ಬಾರದಷ್ಟು ಚಿಕ್ಕ ರೆಕ್ಕೆ, ದಪ್ಪ ಕಾಲು. ನೋಡಲು ಹಾಗಿದ್ದರೂ ಅದು ಪಾರಿವಾಳದ ಕುಲದ್ದು! ಲಕ್ಷಾಂತರ ವರ್ಷಗಳ ಹಿಂದೆ ಎಲ್ಲಿಂದಲೋ ಹಾರಿ ಬಂದ ಪಾರಿವಾಳಗಳು ಹಿಂಡಿ ತಿನ್ನುವ ಪ್ರಾಣಿಯೇ ಇಲ್ಲದ ಜಾಗದಲ್ಲಿ ಹಾರುವ ಅಗತ್ಯವನ್ನೇ ಕಳೆದುಕೊಂಡವು. ಹಾರಾಟಕ್ಕೆ ಬಹಳ ಶಕ್ತಿ ಬೇಕು. ಓಡಿಸುವವರಿಲ್ಲದಿದ್ದರೆ ಹಾರಿ ಏನಾಗಬೇಕು? ಪೀಳಿಗೆಯಿಂದ ಪೀಳಿಗೆಗೆ ಮೈ ದೊಡ್ಡದಾಯಿತು, ರೆಕ್ಕೆ ಕುಗ್ಗಿತು. ಗೂಡು ನೆಲದ ಮೇಲೆಯೇ ಆಯಿತು. ಸಮಕಾಲೀನರ ವರದಿಯಂತೆ ಅದು ಇಡುತ್ತಿದ್ದುದು ಒಂದೇ ಮೊಟ್ಟೆ.

ಬಂದಿಳಿದ ನಾವಿಕರು ಅದಕ್ಕೆ ಮೊದಲು ಕೊಟ್ಟ ಹೆಸರು ‘ವಾಲ್ಗ್‌ಫೋಗೆಲ್’, ಅಂದರೆ ವಾಕರಿಕೆಯ ಹಕ್ಕಿ. ಎಷ್ಟು ಬೇಯಿಸಿದರೂ ಮಾಂಸ ಮೆದುವಾಗದು ಎಂಬುದು ಅವರ ತಕರಾರು. ಡೋಡೊ ಎಂಬ ಮಾತು ಎಲ್ಲಿಂದ ಬಂತು ಎಂಬುದಕ್ಕೆ ಮೂರು ನಾಲ್ಕು ವಾದಗಳಿವೆ. ಸೋಮಾರಿ ಎಂಬ ಡಚ್ ಪದದಿಂದ ಎನ್ನುವವರಿದ್ದಾರೆ, ಪೆದ್ದು ಎಂಬರ್ಥದ ಪೋರ್ಚುಗೀಸ್ ಪದದಿಂದ ಎನ್ನುವವರಿದ್ದಾರೆ. ಪಾರಿವಾಳದಂತೆ ಎರಡು ಸ್ವರದಲ್ಲಿ ಅದು ‘ಡೂ ಡೂ’ ಎಂದು ಕೂಗುತ್ತಿದ್ದಿರಬೇಕು, ಹೆಸರು ಅದರಿಂದಲೇ ಬಂತು ಎನ್ನುವವರೂ ಇದ್ದಾರೆ. ಆಕಾಶವಾಣಿಯ ಋಣ ಉಂಡವರಿಗೆ ಈ ಕೊನೆಯ ವಾದ ನಿಜವಾಗಿರಲಿ ಎಂಬ ಆಸೆ. ಆದರೆ ಆಸೆ ಸಾಕ್ಷಿಯಲ್ಲ.

ಡೋಡೊವನ್ನು ಮನುಷ್ಯರು ತಿಂದು ಮುಗಿಸಿದರು ಎಂಬುದು ಸಾಮಾನ್ಯ ನಂಬಿಕೆ. ಬೇಟೆ ನಡೆದದ್ದು ನಿಜ. ಆದರೆ ಡಚ್ಚರು 1638ರಲ್ಲಿ ಅಲ್ಲಿ ನೆಲೆಯೂರಿದ ಮೇಲೂ ದ್ವೀಪದಲ್ಲಿದ್ದವರು ಬೆರಳೆಣಿಕೆಯ ಜನ. ಅಷ್ಟು ದೊಡ್ಡ ಕಾಡಿನ ಹಕ್ಕಿಗಳನ್ನೆಲ್ಲ ಅವರೇ ತಿಂದು ಮುಗಿಸುವುದು ಸಾಧ್ಯವಿರಲಿಲ್ಲ. ನಿಜವಾಗಿ ಮುಗಿಸಿದ್ದು ಅವರ ಹಡಗಿನಿಂದ ಇಳಿದ ಇತರ ಪ್ರಯಾಣಿಕರು: ಇಲಿ, ಹಂದಿ, ಮೇಕೆ, ಕೋತಿ. ನೆಲದ ಮೇಲೆ ಒಂದೇ ಮೊಟ್ಟೆ. ಅದನ್ನು ಇಲಿ ಕೊರೆಯಿತು, ಕೋತಿ ಕದ್ದಿತು, ಹಂದಿ ತುಳಿದು ತಿಂದಿತು. ದೊಡ್ಡ ಹಕ್ಕಿಗಳು ಕಣ್ಣಿಗೆ ಕಾಣುತ್ತಲೇ ಇದ್ದವು, ಮರಿಗಳು ಬರುತ್ತಿರಲಿಲ್ಲ. ಒಂದು ಊರಿನಲ್ಲಿ ಅಜ್ಜ ಅಜ್ಜಿಯರು ಮಾತ್ರ ಉಳಿದು ತೊಟ್ಟಿಲು ಕಟ್ಟುವುದು ನಿಂತುಹೋದರೆ ಹೇಗೋ ಹಾಗೆ.

ಸೂರತ್ತಿನಲ್ಲಿ ಎರಡು ಡೋಡೊ

ಈ ಹಕ್ಕಿ ಭಾರತಕ್ಕೂ ಬಂದಿತ್ತು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1628ರಿಂದ 1634ರವರೆಗೆ ಭಾರತದಲ್ಲಿದ್ದ. ಕಂಡದ್ದನ್ನೆಲ್ಲ ಬರೆದಿಡುವ ಸ್ವಭಾವ ಅವನದು. ಸೂರತ್ತಿನಲ್ಲಿ ಎರಡು ಡೋಡೊಗಳನ್ನು ನೋಡಿದ್ದಾಗಿ ಅವನು ಬರೆದಿದ್ದಾನೆ. ಅವನ ತಲೆಯಲ್ಲಿ ಒಂದು ಒಳ್ಳೆಯ ಪ್ರಶ್ನೆಯೂ ಹುಟ್ಟಿತ್ತು. ಹಾರಲೂ ಬಾರದ, ಈಜಲೂ ಬಾರದ ಹಕ್ಕಿ ನಟ್ಟನಡು ಸಮುದ್ರದ ದ್ವೀಪವನ್ನು ಸೇರಿದ್ದಾದರೂ ಹೇಗೆ? ಇದಕ್ಕೆ ಸರಿಯಾದ ಉತ್ತರ ಸಿಗಲು ಡಾರ್ವಿನ್ ಕಾಲದವರೆಗೆ ಕಾಯಬೇಕಾಯಿತು.

ಅದಕ್ಕೂ ಸ್ವಲ್ಪ ಮುಂಚೆ, 1625ರ ಸುಮಾರಿಗೆ, ಜಹಾಂಗೀರನ ಆಸ್ಥಾನದಲ್ಲಿ ಒಂದು ಚಿತ್ರ ತಯಾರಾಯಿತು. ಜಹಾಂಗೀರನಿಗೆ ವಿಚಿತ್ರ ಪ್ರಾಣಿ ಪಕ್ಷಿಗಳ ಹುಚ್ಚು. 1612ರಲ್ಲಿ ಗೋವಾದಿಂದ ಅವನಿಗಾಗಿ ಟರ್ಕಿ ಕೋಳಿ ತರಿಸಿಕೊಟ್ಟದ್ದು ಅವನ ಆತ್ಮಕಥೆಯಲ್ಲೇ ಇದೆ. ಹೊಸ ಪ್ರಾಣಿ ಬಂದರೆ ಚಿತ್ರಕಾರನನ್ನು ಕರೆಸಿ ಬರೆಸುತ್ತಿದ್ದ. ಆ ಕೆಲಸದಲ್ಲಿ ಉಸ್ತಾದ್ ಮನ್ಸೂರನದು ಎತ್ತಿದ ಕೈ. ಮನ್ಸೂರನದೆಂದು ವಿದ್ವಾಂಸರು ಹೇಳುವ ಆ ಚಿತ್ರದಲ್ಲಿ ಗಿಳಿ, ಬಾತು ಮೊದಲಾದ ನಮ್ಮ ನೆಲದ ಹಕ್ಕಿಗಳ ನಡುವೆ ಒಂದು ಡೋಡೊ ನಿಂತಿದೆ. ಈ ಚಿತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹದಲ್ಲಿದೆ. ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ.

ಯೂರೋಪಿನ ಆಗಿನ ಚಿತ್ರಗಳಲ್ಲಿ ಡೋಡೊ ಬೊಜ್ಜು ಬಂದ ಸಾಹುಕಾರನಂತೆ ಕಾಣುತ್ತದೆ. ಪಂಜರದಲ್ಲಿಟ್ಟು ಅತಿಯಾಗಿ ತಿನ್ನಿಸಿದ ಹಕ್ಕಿಯನ್ನೋ, ಹುಲ್ಲು ತುಂಬಿದ ತೊಗಲನ್ನೋ ನೋಡಿ ಬರೆದವು ಅವು. ಒಂದನ್ನು ನೋಡಿ ಇನ್ನೊಂದು ಬರೆದದ್ದೂ ಉಂಟು. ಮನ್ಸೂರನ ಹಕ್ಕಿ ಹಾಗಿಲ್ಲ. ಅದು ಬದುಕಿರುವ ಹಕ್ಕಿ. ಕಂದುಬೂದು ಬಣ್ಣದ್ದು, ತಕ್ಕಮಟ್ಟಿಗೆ ತೆಳ್ಳಗಿನದು, ತನ್ನ ಕಾಲ ಮೇಲೆ ತಾನು ನೆಟ್ಟಗೆ ನಿಂತದ್ದು. ಇಂದಿನ ಪಕ್ಷಿತಜ್ಞರು ಇದನ್ನು ಡೋಡೊವಿನ ಅತ್ಯಂತ ನಂಬಲರ್ಹ ಬಣ್ಣದ ಚಿತ್ರಗಳಲ್ಲಿ ಒಂದು ಎನ್ನುತ್ತಾರೆ. ಮಾರಿಷಸ್ಸಿನ ಹಕ್ಕಿಯ ಮುಖವನ್ನು ಜಗತ್ತಿಗೆ ಉಳಿಸಿಕೊಟ್ಟವರಲ್ಲಿ ನಮ್ಮ ನೆಲದ ಕುಂಚವೂ ಇದೆ ಎಂಬುದು ನೆನಪಿಡಬೇಕಾದ ಮಾತು. ಆದರೆ ಕುಂಚಕ್ಕೆ ದನಿ ಬರೆಯಲು ಬರುವುದಿಲ್ಲ.

1662ರ ಕೂಗು

ದನಿಯ ಮುಖ್ಯ ಸುದ್ದಿ ಬರುವುದು ಒಂದು ಕಡೆ. ಅದೂ ಕಥೆಯ ಕೊನೆಯಲ್ಲಿ.

1662ರ ಆರಂಭದಲ್ಲಿ ‘ಆರ್ನ್‌ಹೆಮ್’ ಎಂಬ ಡಚ್ ಕಂಪನಿಯ ಹಡಗು ಹಿಂದೂ ಮಹಾಸಾಗರದಲ್ಲಿ ಒಡೆದು ಮುಳುಗಿತು. ದೋಣಿಯಲ್ಲಿ ತೇಲಿ ಬದುಕಿಕೊಂಡ ಕೆಲವರು ಮಾರಿಷಸ್ ಸೇರಿದರು. ಡಚ್ಚರು ಆ ಹೊತ್ತಿಗೆ ತಮ್ಮ ಮೊದಲ ನೆಲೆಯನ್ನು ಬಿಟ್ಟು ಹೋಗಿದ್ದರು, ದ್ವೀಪ ಮತ್ತೆ ಖಾಲಿಯಾಗಿತ್ತು. ಬದುಕುಳಿದವರಲ್ಲಿ ಒಬ್ಬ ಫೋಲ್ಕರ್ಟ್ ಎವರ್ಟ್ಸ್. ಕರಾವಳಿಗೆ ಹತ್ತಿರದ ಒಂದು ಪುಟ್ಟ ನಡುಗಡ್ಡೆಯಲ್ಲಿ, ಹಂದಿ ಇಲಿಗಳ ಕಾಟದಿಂದ ಹೇಗೋ ಪಾರಾಗಿ ಉಳಿದಿದ್ದ ಹಕ್ಕಿಗಳನ್ನು ಅವನು ಕಂಡ. ಬಾತುಕೋಳಿಗಿಂತ ದೊಡ್ಡವು, ಹಾರಲಾರವು, ಆದರೆ ಜೋರಾಗಿ ಓಡಬಲ್ಲವು ಎಂದು ವರ್ಣಿಸಿದ. ಹಸಿದ ನಾವಿಕರು ಅವುಗಳನ್ನು ಅಟ್ಟಿಕೊಂಡು ಹೋದರು. ಒಂದರ ಕಾಲನ್ನು ಹಿಡಿದಾಗ ಅದು ಕೂಗಿಕೊಂಡಿತಂತೆ. ಆ ಕೂಗು ಕೇಳಿ ಉಳಿದ ಹಕ್ಕಿಗಳು ಓಡಿಹೋಗಲಿಲ್ಲ. ಸಿಕ್ಕಿಬಿದ್ದದ್ದರ ಸಹಾಯಕ್ಕೆ ಓಡಿ ಬಂದವು. ಬಂದವನ್ನೆಲ್ಲ ನಾವಿಕರು ಹಿಡಿದರು.

ಡೋಡೊ ದನಿಯ ಬಗ್ಗೆ ನಮಗೆ ಸಿಕ್ಕಿರುವ ಮುಖ್ಯ ಸಾಕ್ಷಿ ಇಷ್ಟೇ. ಕೂಗು ಗಡುಸೋ ಮೆದುವೋ, ಉದ್ದವೋ ತುಂಡೋ ಎಂದು ಎವರ್ಟ್ಸ್ ಬರೆಯಲಿಲ್ಲ. ಅವನಿಗೆ ಮುಖ್ಯವಾದದ್ದು ಊಟ. ಆದರೂ ಆ ದನಿಗೆ ಒಂದು ಅರ್ಥವಿತ್ತು, ಅದನ್ನು ತಿಳಿದವರಿದ್ದರು, ತಿಳಿದವರು ಓಡೋಡಿ ಬಂದರು ಎಂಬಷ್ಟು ಅವನ ಬರಹದಿಂದ ಗೊತ್ತಾಗುತ್ತದೆ. ಎರಡು ಶತಮಾನ ಪೆದ್ದು ಎಂದು ಕರೆಸಿಕೊಂಡ ಹಕ್ಕಿಯ ಪೆದ್ದುತನವೆಂದರೆ ಇದು.

ಅವು ಡೋಡೊಗಳಲ್ಲ, ಅದೇ ದ್ವೀಪದ ಬೇರೊಂದು ಹಾರಲಾರದ ಹಕ್ಕಿಗಳು ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಡೋಡೊ ಇನ್ನೂ ಕೆಲವು ದಶಕ ಅಲ್ಲಿ ಇಲ್ಲಿ ಉಳಿದಿದ್ದಿರಬೇಕು, 1690ರ ಹೊತ್ತಿಗೆ ಪೂರ್ತಿ ಮುಗಿದಿರಬೇಕು ಎಂದು 2003ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳಿತು. ಏನಿದ್ದರೂ ಬಹುಪಾಲು ಪುಸ್ತಕಗಳು ಕೊನೆಯ ದರ್ಶನವೆಂದು ಕೊಡುವ ವರ್ಷ 1662.

ಈಗ ಕೊಚ್ಚಿಗೆ ವಾಪಸು ಬನ್ನಿ. ಅದೇ 1662ರ ಆರಂಭದಲ್ಲಿ ಅದೇ ಕಂಪನಿಯ ಸೈನಿಕರು ಕೊಚ್ಚಿಯ ಕೋಟೆಗೆ ಮುತ್ತಿಗೆ ಹಾಕಿದ್ದರು. ಆ ಸಲ ಸೋತು ಹಿಂದೆ ಸರಿದರು. ಮುಂದಿನ ಜನವರಿಯಲ್ಲಿ ಗೆದ್ದರು. ಆ ಸೈನ್ಯದಲ್ಲಿ ಹೆಂಡ್ರಿಕ್ ವಾನ್ ರೀಡ್ ಎಂಬ ಇಪ್ಪತ್ತರ ಹರೆಯದ ಯುವಕನಿದ್ದ.

ಹೆಸರು ಕೇಳಿದವನು

ಈ ವಾನ್ ರೀಡ್ ಮುಂದೆ ಮಲಬಾರಿನ ಡಚ್ ಆಡಳಿತದ ಮುಖ್ಯಸ್ಥನಾದ. 1670ರ ದಶಕದಲ್ಲಿ ಕೊಚ್ಚಿಯಲ್ಲಿ ಕೂತು ಅವನು ಕೈಗೊಂಡ ಕೆಲಸದ ಹೆಸರು ‘ಹೋರ್ಟುಸ್ ಮಲಬಾರಿಕುಸ್’, ಅಂದರೆ ಮಲಬಾರಿನ ತೋಟ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ಲ್ಯಾಟಿನ್ ಗ್ರಂಥ ಅದು. 742 ಗಿಡಮರಗಳ ವರ್ಣನೆ, ದೊಡ್ಡ ದೊಡ್ಡ ಚಿತ್ರಗಳು, ಔಷಧಿಯ ಉಪಯೋಗ ಎಲ್ಲ ಅದರಲ್ಲಿವೆ.

ಕಂಪನಿಗೆ ಇದರಲ್ಲಿ ಲಾಭದ ಲೆಕ್ಕವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಯೂರೋಪಿನಿಂದ ಔಷಧ ತರಿಸುವುದಕ್ಕಿಂತ ಇಲ್ಲಿನ ಗಿಡ ಗುರುತಿಸುವುದು ಅಗ್ಗ. ಆದರೆ ಕೆಲಸ ಮಾಡಿದ ರೀತಿ ಗಮನಿಸಬೇಕಾದದ್ದು. ವಾನ್ ರೀಡ್ ಊರಿನವರನ್ನು ಕರೆದು ಕೇಳಿದ. ಇದಕ್ಕೆ ನೀವು ಏನೆನ್ನುತ್ತೀರಿ? ಯಾವ ಕಾಯಿಲೆಗೆ ಕೊಡುತ್ತೀರಿ? ಚೇರ್ತಲದ ಹತ್ತಿರದ ಕಡಕ್ಕರಪ್ಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಾಳೆಗರಿಯ ಜ್ಞಾನವನ್ನು ತೆರೆದಿಟ್ಟರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಜೊತೆಗೂಡಿದರು. ಇವರೆಲ್ಲರ ಹೆಸರು, 1675ರ ಅವರ ಹೇಳಿಕೆಗಳು, ಅವರವರ ಲಿಪಿಯಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಸಸ್ಯಗಳ ಮಲಯಾಳಂ ಹೆಸರುಗಳನ್ನೂ ಚಿತ್ರದ ಮೇಲೆಯೇ ಕೊಟ್ಟಿದೆ.

ಮೂರು ಶತಮಾನದ ಮೇಲೆ, ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಕೆ. ಎಸ್. ಮಣಿಲಾಲ್ ದಶಕಗಟ್ಟಲೆ ದುಡಿದು ಆ ಲ್ಯಾಟಿನ್ ಸಂಪುಟಗಳನ್ನು ಇಂಗ್ಲಿಷಿಗೂ ಮಲಯಾಳಕ್ಕೂ ತಂದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಇಂಗ್ಲಿಷ್, 2008ರಲ್ಲಿ ಮಲಯಾಳ ಆವೃತ್ತಿಗಳನ್ನು ಪ್ರಕಟಿಸಿತು. ಹಳೆಯ ಹೆಸರು ಹಿಡಿದು ಹೋಗಿ ಇಂದಿಗೂ ಆ ಗಿಡಗಳನ್ನು ಹಿತ್ತಿಲಲ್ಲಿ ಗುರುತಿಸಬಹುದು.

ಒಂದೇ ಕಂಪನಿ, ಒಂದೇ ಕಾಲ. ಒಂದು ಕಡೆ 742 ಗಿಡಗಳ ಹೆಸರು ಉಳಿಯಿತು. ಇನ್ನೊಂದು ಕಡೆ ಒಂದು ಹಕ್ಕಿಯ ಕೂಗು ಕೂಡ ಉಳಿಯಲಿಲ್ಲ. ವ್ಯತ್ಯಾಸ ಏನು? ಕೊಚ್ಚಿಯಲ್ಲಿ ಹೇಳುವವರಿದ್ದರು, ಕೇಳಿಸಿಕೊಳ್ಳುವ ಒಬ್ಬ ಅಧಿಕಾರಿಯೂ ಇದ್ದ. ಮಾರಿಷಸ್ಸಿನಲ್ಲಿ ಎರಡೂ ಇರಲಿಲ್ಲ. ಇತಿಹಾಸದ ಒಂದು ಸಣ್ಣ ತಮಾಷೆಯನ್ನೂ ಹೇಳಿಬಿಡುತ್ತೇನೆ. 1691ರ ಡಿಸೆಂಬರಿನಲ್ಲಿ ವಾನ್ ರೀಡ್ ಹಡಗಿನಲ್ಲೇ ತೀರಿಕೊಂಡ. ಅವನನ್ನು ಹೂಳಿದ್ದು ಸೂರತ್ತಿನಲ್ಲಿ. ಪೀಟರ್ ಮಂಡಿ ಎರಡು ಡೋಡೊಗಳನ್ನು ಕಂಡ ಅದೇ ಸೂರತ್ತಿನಲ್ಲಿ. ಅವನ ದೊಡ್ಡ ಗೋರಿ ಈಗಲೂ ಅಲ್ಲಿದೆ.

ಕೆಸರಿನಲ್ಲಿ ಬರಿಗಾಲು

ಡೋಡೊ ಹೋದ ಮೇಲೆ ಅದರ ನೆನಪೂ ಹೋಗುವುದರಲ್ಲಿತ್ತು. ಹದಿನೆಂಟನೇ ಶತಮಾನ ಮುಗಿಯುವಾಗ ಅದು ನಾವಿಕರ ಕಟ್ಟುಕಥೆ ಇರಬಹುದೆಂದು ಅನುಮಾನಿಸಿದವರಿದ್ದರು. ಆಕ್ಸ್‌ಫರ್ಡಿನಲ್ಲಿ ಒಂದು ಒಣಗಿದ ತಲೆ, ಒಂದು ಕಾಲು, ಇನ್ನೆಲ್ಲೋ ಒಂದೆರಡು ತುಣುಕು, ಇಷ್ಟೇ ಉಳಿದಿದ್ದದ್ದು.

1865ರಲ್ಲಿ ಮಾರಿಷಸ್ಸಿನ ಶಾಲಾ ಮಾಸ್ತರ ಜಾರ್ಜ್ ಕ್ಲಾರ್ಕ್ ‘ಮಾರ್ ಓ ಸೋಂಜ್’ ಎಂಬ ಜವುಗಿನಲ್ಲಿ ಡೋಡೊ ಮೂಳೆಗಳ ರಾಶಿಯನ್ನೇ ಪತ್ತೆ ಮಾಡಿದರು. ಲಂಡನ್ನಿನಲ್ಲಿ ವಿಜ್ಞಾನಿ ರಿಚರ್ಡ್ ಓವನ್ ಅವುಗಳಿಂದ ಹಕ್ಕಿಯ ಅಸ್ಥಿಪಂಜರವನ್ನು ವರ್ಣಿಸಿದರು. ಅದೇ ವರ್ಷ ಲೂಯಿಸ್ ಕ್ಯಾರಲ್ ಅವರ ಆಲಿಸ್ ಕಥೆಯಲ್ಲಿ ಡೋಡೊ ಒಂದು ಪಾತ್ರವಾಗಿ ಬಂತು. ಸತ್ತ ಹಕ್ಕಿ ಹೀಗೆ ಜಗತ್ಪ್ರಸಿದ್ಧವಾಯಿತು.

ಮೂಳೆ ಸಿಕ್ಕಿದ ಬಗೆಯನ್ನು ಕ್ಲಾರ್ಕ್ ಅವರೇ ಬರೆದಿದ್ದಾರೆ. ಸೊಂಟದ ಹತ್ತಿರದವರೆಗಿನ ನೀರಿಗೆ ಆಳುಗಳನ್ನು ಇಳಿಸಿದರು. ಕಪ್ಪು ನೀರಿನಲ್ಲಿ ಕಣ್ಣಿಗೆ ಏನೂ ಕಾಣದು. ಆಳುಗಳು ಬರಿಗಾಲಿನಿಂದ ಕೆಸರನ್ನು ತಡವಿ ತಡವಿ ಮೂಳೆಗಳನ್ನು ಪತ್ತೆ ಹಚ್ಚಿದರು. ಜವುಗಿನಲ್ಲಿ ಮೂಳೆಗಳಿವೆ ಎಂಬ ಸುಳಿವು ಸಿಕ್ಕಿದ್ದೂ ಅಲ್ಲಿ ಗೊಬ್ಬರದ ಮಣ್ಣು ತೆಗೆಯುತ್ತಿದ್ದ ಕೂಲಿಗಳು ಮೂಳೆಗಳನ್ನು ಬೇರ್ಪಡಿಸಿ ಗುಡ್ಡೆ ಹಾಕುತ್ತಿದ್ದುದನ್ನು ಒಬ್ಬ ರೈಲ್ವೆ ಎಂಜಿನಿಯರ್ ಕಂಡದ್ದರಿಂದ. 1834ರಿಂದ ಆರಂಭವಾಗಿ 1920ರವರೆಗೆ ಸುಮಾರು ಐದು ಲಕ್ಷ ಜನ ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ಬಂದರು, ಬಹುಪಾಲು ಭಾರತದಿಂದ. ಬಿಹಾರ, ಮದರಾಸು, ಬೊಂಬಾಯಿ ಪ್ರಾಂತ್ಯಗಳ ಜನ. ಅವರು ಇಳಿದ ಮೆಟ್ಟಿಲು, ಆಪ್ರವಾಸಿ ಘಾಟ್, 2006ರಿಂದ ವಿಶ್ವ ಪರಂಪರೆಯ ತಾಣ. 1865ರಲ್ಲಿ ಮಾರಿಷಸ್ಸಿನ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಮುಖ್ಯವಾಗಿ ಇವರೇ. ಇಟ್ಟಿ ಅಚ್ಯುತನ್ ಹೆಸರು ಪುಸ್ತಕದಲ್ಲಿ ಅಚ್ಚಾಯಿತು. ಕೆಸರಿನಲ್ಲಿ ಡೋಡೊ ಹುಡುಕಿದ ಕಾಲುಗಳಿಗೆ ಆ ಭಾಗ್ಯ ಬರಲಿಲ್ಲ. ಮ್ಯೂಸಿಯಮ್ಮುಗಳಲ್ಲಿ ನಿಂತಿರುವ ಡೋಡೊ ಅಸ್ಥಿಪಂಜರಗಳಲ್ಲಿ ಅವರ ಪಾಲೂ ಇದೆ.

ನಮ್ಮ ನೆಲದಲ್ಲಿ

ಹಾರಲಾರದ ದೊಡ್ಡ ಹಕ್ಕಿ ನಮ್ಮ ದೇಶದ್ದೂ ಒಂದು ಇತ್ತು. ಉಷ್ಟ್ರಪಕ್ಷಿ! ಈಗ ಆಫ್ರಿಕದಲ್ಲಿ ಮಾತ್ರ ಕಾಡಿನಲ್ಲಿ ಕಾಣುವ ಈ ಹಕ್ಕಿ ಹಿಮಯುಗದ ಕಾಲದಲ್ಲಿ ಭಾರತದಲ್ಲೂ ಓಡಾಡಿತ್ತು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿ ಸಿಕ್ಕ ಅದರ ಮೊಟ್ಟೆಯ ಚಿಪ್ಪಿನ ಮೇಲೆ ಆದಿಮಾನವರು ಗೆರೆ ಕೊರೆದ ಚಿತ್ತಾರವಿದೆ. ವಯಸ್ಸು ಸುಮಾರು 25,000 ವರ್ಷ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಇಂಥ ಚಿಪ್ಪುಗಳಿಂದ ಡಿಎನ್‌ಎ ಪಡೆದು, ಅದು ಆಫ್ರಿಕದ ಉಷ್ಟ್ರಪಕ್ಷಿಗೆ ತೀರಾ ಹತ್ತಿರದ್ದೆಂದು 2017ರಲ್ಲಿ ತೋರಿಸಿದರು. ಅದರ ಮೊಟ್ಟೆಯ ಮಣಿ ಪೋಣಿಸಿ ಕೊರಳಿಗೆ ಹಾಕಿಕೊಂಡ ಜನ ಅದನ್ನು ಏನೆಂದು ಕರೆಯುತ್ತಿದ್ದರೋ, ಆ ಮಾತೂ ಆ ಭಾಷೆಯೂ ಹೋಗಿವೆ.

ಡೋಡೊವಿನ ಅತಿ ಹತ್ತಿರದ ಬದುಕಿರುವ ನೆಂಟ ಯಾರು ಗೊತ್ತೇ? ನಮ್ಮದೇ ನಿಕೋಬಾರ್ ಪಾರಿವಾಳ. 2002ರಲ್ಲಿ ಡಿಎನ್‌ಎ ಪರೀಕ್ಷೆ ಇದನ್ನು ಖಚಿತಪಡಿಸಿತು. ಹಸಿರು ತಾಮ್ರದ ಬಣ್ಣದಲ್ಲಿ ಮಿರುಗುವ, ಕೊರಳಿಗೆ ಕೇಸರದಂತೆ ಗರಿ ಇಳಿಬಿದ್ದ ಸುಂದರ ಹಕ್ಕಿ. ಇದರ ಸಹಾಯ ಪಡೆದು ಡೋಡೊವನ್ನು ಮರಳಿ ಹುಟ್ಟಿಸುತ್ತೇವೆ ಎಂದು ಅಮೆರಿಕದ ಒಂದು ಕಂಪನಿ 2023ರಲ್ಲಿ ಘೋಷಿಸಿತು. ಹುಟ್ಟಿಸಿದರು ಎಂದೇ ಇಟ್ಟುಕೊಳ್ಳಿ. ಅದು ಬಾಯಿ ತೆರೆದು ಕೂಗಿದರೆ ಸರಿಯಾಗಿ ಕೂಗಿತೋ ಇಲ್ಲವೋ ಎಂದು ಹೇಳುವವರು ಯಾರು?

ಹಡಗಿನ ಜೊತೆ ಬರುವ ಅತಿಥಿಗಳ ಕಾಟವೂ ಹಳೆಯ ಕಥೆಯಲ್ಲ. ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ ಕಟ್ಟಿ ನಿಲ್ಲಿಸಿದ ಹಡಗಿನ ಹಗ್ಗಗಳನ್ನು ನೋಡಿ. ಅವಕ್ಕೆ ದೊಡ್ಡ ದುಂಡು ತಗಡು ಸಿಕ್ಕಿಸಿರುತ್ತಾರೆ. ಇಲಿ ಹಗ್ಗದ ಮೇಲೆ ಓಡಾಡಬಾರದೆಂದು. ಅಷ್ಟು ಸಣ್ಣ ತಗಡಿನ ಎಚ್ಚರ 1598ರಲ್ಲಿ ಇರಲಿಲ್ಲ. ಇಲಿಗೆ ತಗಡು ಸಾಕು, ನೀರಿನಲ್ಲಿ ಬರುವುದಕ್ಕೆ ಸಾಲದು. ದಕ್ಷಿಣ ಅಮೆರಿಕ ಕಡೆಯ ಕಲ್ಲುಮ್ಮಕ್ಕಾಯಿ ಜಾತಿಯ ಒಂದು ಚಿಪ್ಪುಜೀವಿ ಕೊಚ್ಚಿಯ ಹಿನ್ನೀರಿನಲ್ಲಿ ಬೇರೂರಿದ್ದನ್ನು 2019ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಹಡಗಿನ ಹೊಟ್ಟೆಯ ನೀರಿನಲ್ಲೋ, ತಳಕ್ಕೆ ಅಂಟಿಕೊಂಡೋ ಇಂಥವು ಬರುತ್ತವೆ. ಸ್ಥಳೀಯ ಚಿಪ್ಪನ್ನು ಒತ್ತರಿಸಿ ಜಾಗ ಹಿಡಿಯುತ್ತವೆ. ಬೆಸ್ತರು ಇದಕ್ಕೆ ‘ವರತ್ತನ್ ಕಕ್ಕ’ ಎಂದು ಹೆಸರಿಟ್ಟರು. ಹೊರಗಿನಿಂದ ಬಂದ ಚಿಪ್ಪು ಎಂದರ್ಥ. ಕೊಚ್ಚಿಯವರು ಈಗಲೂ ಹೆಸರಿಡುವುದನ್ನು ಮರೆತಿಲ್ಲ, ನೋಡಿ.

ಇನ್ನು ಕನ್ನಡನಾಡಿಗೆ ಬರೋಣ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಒಂದು ಹಕ್ಕಿ ಇದೆ. ಒಂದು ಮೀಟರ್ ಎತ್ತರ, 15 ಕಿಲೊದವರೆಗೆ ತೂಕ. ಹಾರಬಲ್ಲದು, ಆದರೆ ಬದುಕೆಲ್ಲ ನೆಲದ ಮೇಲೆಯೇ. ಗೂಡು ಕಟ್ಟುವುದಿಲ್ಲ, ಬಯಲಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ನಾಯಿ, ಹಂದಿ, ಜಾನುವಾರುಗಳ ಕಾಲು ಎಲ್ಲವೂ ಅದಕ್ಕೆ ಅಪಾಯ. ಹಾರಿದರೆ ವಿದ್ಯುತ್ ತಂತಿ. ಓದುತ್ತಿದ್ದರೆ ಎಲ್ಲೋ ಕೇಳಿದ ಕಥೆ ಎನಿಸುತ್ತದೆ ಅಲ್ಲವೇ? ಕನ್ನಡದಲ್ಲಿ ಅದಕ್ಕೆ ಎರೆಭೂತ, ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳಿವೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ದೇಶದಲ್ಲೆಲ್ಲ ಉಳಿದಿರುವುದು 150ಕ್ಕಿಂತ ಕಡಿಮೆ ಎಂಬ ಅಂದಾಜು. ಬಹುಪಾಲು ರಾಜಸ್ಥಾನದಲ್ಲಿ, ನಮ್ಮಲ್ಲಿ ಬೆರಳೆಣಿಕೆಯಷ್ಟು. ಜೈಸಲ್ಮೇರಿನ ಕಡೆ ಅದರ ಮೊಟ್ಟೆ ಕಾಪಾಡಿ ಮರಿ ಮಾಡಿಸುವ ಕೇಂದ್ರಗಳು ಕೆಲಸ ಮಾಡುತ್ತಿವೆ, ಮರಿಗಳೂ ಹುಟ್ಟಿವೆ.

ಮತ್ತೆ, ಇದಕ್ಕೆ ದನಿ ಇದೆ. ಬೆದೆಯ ಕಾಲದಲ್ಲಿ ಗಂಡು ಕೊರಳಚೀಲ ಉಬ್ಬಿಸಿ ‘ಹೂಂ’ ಎಂದು ಗಂಭೀರವಾಗಿ ಕೂಗುತ್ತದೆ. ಬಯಲಿನಲ್ಲಿ ಅರ್ಧ ಕಿಲೋಮೀಟರ್ ದೂರಕ್ಕೂ ಅದು ಕೇಳಿಸುತ್ತದೆ. ಉತ್ತರದ ಕಡೆ ಕೆಲವು ಊರುಗಳಲ್ಲಿ ಅದಕ್ಕೆ ‘ಹುಕ್ನಾ’ ಎಂಬ ಹೆಸರು ಬಂದದ್ದೇ ಆ ಕೂಗಿನಿಂದ. ಅಂದರೆ ಡೋಡೊ ವಿಷಯದಲ್ಲಿ ನಾವು ಬರೀ ಊಹಿಸಬಹುದಾದದ್ದು ಈ ಹಕ್ಕಿಯ ವಿಷಯದಲ್ಲಿ ಇನ್ನೂ ನಿಜ. ಹೆಸರಿನಲ್ಲಿ ದನಿ ಇದೆ, ದನಿಗೆ ಹಕ್ಕಿ ಇದೆ.

ಆದ್ದರಿಂದ ಶ್ರೋತೃಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು, ಹೊಲದಲ್ಲಿ ಕೆಲಸ ಮಾಡುವವರನ್ನು, ಕುರಿ ಕಾಯುವವರನ್ನು ಕೇಳಿ. ನಿಮ್ಮ ಕಡೆ ಯಾವ ಹಕ್ಕಿಗೆ ಏನು ಹೆಸರು? ಅದು ಹೇಗೆ ಕೂಗುತ್ತದೆ? ಈಗ ಕಾಣದಿರುವುದು ಯಾವುದು? ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಹೇಳಿದವರ ಹೆಸರನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಲು ಎರಡು ನಿಮಿಷ ಸಾಕು. ಮಾತೃಭಾಷೆಯ ಊರಿನಿಂದ ದೂರ ಬಂದು ಮಕ್ಕಳಿಗೆ ಕನ್ನಡ ಕಲಿಸಲು ಒದ್ದಾಡುತ್ತಿರುವ ನಮಗೆ, ಹೇಳುವವರೂ ಕೇಳಿಸಿಕೊಳ್ಳುವವರೂ ಒಂದೇ ಕಾಲದಲ್ಲಿ ಇರುವುದು ಎಷ್ಟು ದೊಡ್ಡ ವಿಷಯ ಎಂದು ಬೇರೆ ಹೇಳಬೇಕಾಗಿಲ್ಲ.

ಬರೆದುಕೊಂಡದ್ದನ್ನು ನಮಗೂ ಕಳಿಸಿ. ಕಾರ್ಯಕ್ರಮದಲ್ಲಿ ಓದುತ್ತೇವೆ, ಕೂಗನ್ನೂ ಕೇಳಿಸುತ್ತೇವೆ.